ಸೋರುವ ಸೂರು, ಬರೆಯದ ಕಾಗದ

ಸೋರುವ ಮಾಳಿಗೆಯೆಂದೊಡನೆ ಸಾಹಿತ್ಯಪ್ರಿಯರಿಗೆ ನೆನಪಾಗುವುದು ತತ್ತ್ವಪದ. ನಮ್ಮ ಅನುಭಾವಿಗಳು ಮನೆಯಲ್ಲಿ ದೇಹವನ್ನೂ ಮಾಳಿಗೆಯಲ್ಲಿ ಮನಸ್ಸನ್ನೂ ಕಂಡು ಹಾಡಿದರು. ನಾವು ಕೇಳಿ ತಲೆದೂಗಿದೆವು. ನಾನು ಇಂದು ಮಾತನಾಡಲಿರುವುದು ರೂಪಕವಲ್ಲದ ಮಾಳಿಗೆಯನ್ನು ಕುರಿತು. ಆಷಾಢದ ಮಳೆ ಹಿಡಿಯಿತೆಂದರೆ ಮಲಗುವ ಕೋಣೆಯ ಮೂಲೆಯಲ್ಲಿ ಪಾತ್ರೆ ಇಡಬೇಕಾಗುವ ಮಾಳಿಗೆ, ತೇವವೇರಿ ಸುಣ್ಣ ಉದುರುವ ಗೋಡೆ, ಕಟ್ಟಿಕೊಂಡ ಮೋರಿ, ಮುಟ್ಟಿದರೆ ಝುಮ್ಮೆನ್ನುವ ವಿದ್ಯುತ್ ಗುಂಡಿ. ಮನೆ ಇನ್ನೊಬ್ಬರದು, ಅದರ ಸಂಕಟ ಮಾತ್ರ ವಾಸವಾಗಿರುವವರದು. ಇಂಥ ಮನೆಯಲ್ಲಿ ಬಾಡಿಗೆ ಕೊಟ್ಟು ಇರುವವರಿಗೆ ಕಾನೂನು ಯಾವ ಪರಿಹಾರವನ್ನು ಇಟ್ಟಿದೆ ಎಂಬುದೇ ಈ ಭಾಷಣದ ವಿಷಯ.

ಸಿವಿಲ್ ನ್ಯಾಯಾಲಯಗಳ ಮೆಟ್ಟಿಲನ್ನು ಬಹುಕಾಲ ಹತ್ತಿ ಇಳಿದ ನನಗೆ ಮೂರು ಬಗೆಯ ಬಾಡಿಗೆದಾರರು ಪರಿಚಿತರು. ಮೊದಲನೆಯವರು ಸಹಿಸುವವರು. ಮಾಲೀಕರ ಮುಖ ನೋಡಿ ಹೇಳಲು ಅವರಿಗೆ ಸಂಕೋಚ. ಹಬ್ಬಹರಿದಿನಗಳಲ್ಲಿ ಕೋಸಂಬರಿ ಪಾನಕಗಳ ವಿನಿಮಯವಿದ್ದರಂತೂ ಮೋರಿಯ ಮಾತನ್ನು ಎತ್ತುವುದೇ ಅಸಭ್ಯವೆನಿಸುತ್ತದೆ. ಎರಡನೆಯವರು ಸದ್ದಿಲ್ಲದೆ ಮನೆ ಖಾಲಿ ಮಾಡಿ ಹೋಗುವವರು. ಅವರು ಹೋದ ಮೇಲೆ ಒಂದು ಕೈ ಸುಣ್ಣ ಬಳಿದು, ಅದೇ ಮಾಳಿಗೆಯ ಕೆಳಗೆ ಮತ್ತೊಂದು ಸಂಸಾರವನ್ನು ತಂದು ಇರಿಸಲಾಗುತ್ತದೆ. ಮೂರನೆಯವರು ಅಭಿಮಾನಿಗಳು. ‘ರಿಪೇರಿ ಮಾಡಿಸುವ ತನಕ ಒಂದು ಕಾಸೂ ಕೊಡುವುದಿಲ್ಲ’ ಎಂದು ಬಾಡಿಗೆಯನ್ನೇ ನಿಲ್ಲಿಸಿಬಿಡುತ್ತಾರೆ. ಮೂವರಲ್ಲಿ ಹೆಚ್ಚು ನ್ಯಾಯ ಇರುವುದು ಈ ಮೂರನೆಯವರ ಪಕ್ಷದಲ್ಲಿ. ನ್ಯಾಯಾಲಯದಲ್ಲಿ ಹೆಚ್ಚಾಗಿ ಸೋಲುವವರೂ ಅವರೇ. ಇದೇಕೆ ಹೀಗೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ, ಸಮುದ್ರದಾಚೆಗೂ ಹೋಗಬೇಕಾಗುತ್ತದೆ. ನಮ್ಮ ಬಾಡಿಗೆ ಕಾನೂನಿನ ಬೇರು ಇಂಗ್ಲೆಂಡಿನ ನೆಲದಲ್ಲಿದೆ.

ಆ ದೇಶದಲ್ಲಿ ಗೇಣಿಯ ಕರಾರು ಹುಟ್ಟಿದ್ದು ಹೊಲಗದ್ದೆಗಳ ಕಾಲದಲ್ಲಿ. ಗೇಣಿದಾರನಿಗೆ ಬೇಕಾಗಿದ್ದದ್ದು ಭೂಮಿ. ಅದರ ಮೇಲಿನ ಗುಡಿಸಲು ನೆಪಮಾತ್ರ. ಗುಡಿಸಲು ಸೋರಿದರೆ ಹುಲ್ಲು ಹೊದಿಸಿಕೊಳ್ಳುವುದು ಅವನಿಗೇ ಗೊತ್ತಿತ್ತು. ಭೂಮಿ ಕೈಗೆ ಬಂದ ಮೇಲೆ ಗೇಣಿ ಕೊಡುವುದು ಅವನ ಕರ್ತವ್ಯ. ಒಡೆಯನು ಏನು ಮಾಡಿದ, ಏನು ಮಾಡಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಒಂದರ ತಪ್ಪಿಗೆ ಇನ್ನೊಂದನ್ನು ತಡೆಹಿಡಿಯುವಂತಿಲ್ಲ. ಊರುಗಳು ಬೆಳೆದು ಜನ ಭೂಮಿಗಾಗಿ ಅಲ್ಲದೆ ಸೂರಿಗಾಗಿ ಬಾಡಿಗೆ ಕೊಡತೊಡಗಿದ ಮೇಲೂ ಈ ನಿಯಮವೇ ಉಳಿದುಬಂತು.

1843ರಲ್ಲಿ ಒಂದು ವಿಚಿತ್ರ ಮೊಕದ್ದಮೆ ನಡೆಯಿತು. ಸರ್ ಥಾಮಸ್ ಮ್ಯಾರಬಲ್ ಎಂಬುವರು ಬ್ರೈಟನ್ನಿನ ಸಮುದ್ರತೀರದಲ್ಲಿ ಪೀಠೋಪಕರಣಗಳಿಂದ ಸಜ್ಜಾದ ಮನೆಯೊಂದನ್ನು ವಾರಕ್ಕೆ 8 ಗಿನಿಯಂತೆ 5 ವಾರಗಳಿಗೆ ಹಿಡಿದಿದ್ದರು. ಮನೆಯ ತುಂಬ ತಿಗಣೆ. ಅವರು ಉಳಿದ ವಾರಗಳ ಬಾಡಿಗೆ ಕೊಡದೆ ಹೊರಟುಹೋದರು. ಸಜ್ಜಾದ ಮನೆಯನ್ನು ಬಾಡಿಗೆಗೆ ಕೊಡುವಾತ ಅದು ವಾಸಕ್ಕೆ ಯೋಗ್ಯವೆಂದು ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಎಂದು ನ್ಯಾಯಾಲಯ ತೀರ್ಮಾನಿಸಿತು. ತಿಗಣೆಗಳು ತಂದುಕೊಟ್ಟ ಈ ಜಯ ದೊಡ್ಡದಾಗಬಹುದಿತ್ತು. ಆದರೆ ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶರು ಹಿಂದಕ್ಕೆ ಸರಿದರು. ಬರಿಯ ಮನೆಯಾದರೆ ಅಂಥ ಅಭಯವೇನೂ ಇಲ್ಲ, ನೋಡಿ ಹಿಡಿಯುವುದು ಹಿಡಿಯುವವನ ಹೊಣೆ ಎಂದರು.

ಈ ಹಳೆಯ ಕಟ್ಟನ್ನು ಬಿಚ್ಚಿದ ತೀರ್ಪು ಬಂದದ್ದು 1970ರಲ್ಲಿ, ಅಮೆರಿಕದ ವಾಷಿಂಗ್ಟನ್ ನಗರದಲ್ಲಿ. ಅಲ್ಲಿನ ವಸತಿ ಸಮುಚ್ಚಯವೊಂದರ ಬಾಡಿಗೆದಾರರು, ತಮ್ಮ ಕಟ್ಟಡದಲ್ಲಿ ನಗರದ ವಸತಿ ನಿಯಮಗಳು ಸುಮಾರು 1500 ಕಡೆ ಮುರಿದಿವೆಯೆಂದು ವಾದಿಸಿ ಬಾಡಿಗೆ ತಡೆಹಿಡಿದಿದ್ದರು. ಇಂದಿನ ಪಟ್ಟಣವಾಸಿ ಕೇಳುವುದು ಭೂಮಿಯನ್ನಲ್ಲ. ಗೋಡೆ, ಸೂರು, ಬೆಳಕು, ಗಾಳಿ, ನೀರು, ಭದ್ರವಾದ ಬಾಗಿಲು ಇವೆಲ್ಲ ಕೂಡಿದ ಒಂದು ವಾಸಸ್ಥಾನವನ್ನು. ಆದ್ದರಿಂದ ವಾಸಯೋಗ್ಯತೆಗೂ ಬಾಡಿಗೆಗೂ ನಂಟು ಇದೆ ಎಂಬುದು ನ್ಯಾಯಾಧೀಶ ಸ್ಕೆಲ್ಲಿ ರೈಟ್ ಅವರ ತೀರ್ಪಿನ ತಾತ್ಪರ್ಯ. ಅದಾದ ಮೇಲೆ ಅಮೆರಿಕದ ಬಹುಪಾಲು ರಾಜ್ಯಗಳು ಈ ದಾರಿ ಹಿಡಿದವು.

ನಾವು ಎಲ್ಲಿ ನಿಂತಿದ್ದೇವೆ? ನಮ್ಮ ಆಧಾರ ಇಂದಿಗೂ 1882ರ ಸ್ವತ್ತು ಹಸ್ತಾಂತರ ಕಾಯಿದೆ. ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯಿದೆಯೂ ಉಂಟು. ಅದು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ವಾಸದ ಮನೆಗಳ ಮಟ್ಟಿಗೆ ಅದರ ಕೊಡೆ ಚಿಕ್ಕದು. ಅದರ ಅನುಸೂಚಿಯ ಮೊದಲ ಭಾಗಕ್ಕೆ ಸೇರಿದ ಊರುಗಳಲ್ಲಿ ತಿಂಗಳಿಗೆ 3500 ರೂಪಾಯಿ, ಇತರ ಊರುಗಳಲ್ಲಿ 2000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹೊರಗೆ. ಇಂದಿನ ಬಾಡಿಗೆಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣಗಳಲ್ಲಿ ಹೊಸದಾಗಿ ಮನೆ ಹಿಡಿಯುವ ಹೆಚ್ಚಿನವರು 1882ರ ಕಾಯಿದೆಯ ಕೆಳಗೆ ನಿಂತವರು.

ಆ ಕಾಯಿದೆಯ 108ನೆಯ ಕಲಮು ಮಾಲೀಕ ಮತ್ತು ಬಾಡಿಗೆದಾರರ ಪರಸ್ಪರ ಹಕ್ಕುಬಾಧ್ಯತೆಗಳ ಪಟ್ಟಿ. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ನಾಲ್ಕು ಮಾತುಗಳಿವೆ. ಒಂದು: ಮನೆಯ ಬಳಕೆಗೆ ಅಡ್ಡಿಯಾಗುವಂಥ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವೇನಾದರೂ ಮಾಲೀಕನಿಗೆ ಗೊತ್ತಿದ್ದರೆ, ಅದನ್ನು ಮೊದಲೇ ತಿಳಿಸಬೇಕು. ಎರಡು: ತಾನು ಮಾಡಿಸಲು ಬದ್ಧನಾಗಿರುವ ದುರಸ್ತಿಯನ್ನು, ನೋಟೀಸು ತಲುಪಿದ ಮೇಲೆ ಯುಕ್ತ ಕಾಲದೊಳಗೆ ಮಾಲೀಕನು ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಥವಾ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ಮೂರು: ಬೆಂಕಿ, ಬಿರುಗಾಳಿ, ನೆರೆ ಮುಂತಾದ ತಡೆಯಲಾಗದ ಕಾರಣಗಳಿಂದ ಮನೆಯ ಮುಖ್ಯ ಭಾಗ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಕರಾರನ್ನು ರದ್ದೆಂದು ಎಣಿಸುವ ಆಯ್ಕೆ ಬಾಡಿಗೆದಾರನದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಿನ ಸ್ಥಿತಿಯನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ. ನಾಲ್ಕು: ಬಾಡಿಗೆದಾರನೂ ಮನೆಯನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲಿ ಕಾಪಾಡಬೇಕು; ಸಹಜವಾದ ಸವೆತಕ್ಕೆ ಮಾತ್ರ ಅವನು ಹೊಣೆಯಲ್ಲ.

ಎರಡನೆಯ ಮಾತನ್ನು ಇನ್ನೊಮ್ಮೆ ಗಮನಿಸಬೇಕೆಂದು ಕೋರುತ್ತೇನೆ. ‘ಮಾಡಿಸಲು ಬದ್ಧನಾಗಿರುವ ದುರಸ್ತಿ’ ಎಂದಿದೆ. ‘ಎಲ್ಲ ದುರಸ್ತಿ’ ಎಂದಿಲ್ಲ. ಮಾಲೀಕನು ಯಾವುದಕ್ಕೆ ಬದ್ಧನೆಂದು ಆ ಕಲಮು ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಕರಾರುಪತ್ರ, ಇಲ್ಲವೆ ಆ ಊರಿನ ರೂಢಿ, ಇಲ್ಲವೆ ಬೇರೊಂದು ಶಾಸನ. ನಮ್ಮಲ್ಲಿ ಕರಾರುಪತ್ರವೆಂದರೆ ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿರುವ ಒಂದು ನಮೂನೆ. ಹೆಸರು, ಬಾಡಿಗೆ, ಮುಂಗಡದ ಮೊತ್ತ ತುಂಬಿ, 11 ತಿಂಗಳೆಂದು ಬರೆದು, ಸಹಿ ಹಾಕುತ್ತೇವೆ. ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ನಿಯಮವನ್ನು ತಪ್ಪಿಸುವುದಕ್ಕಾಗಿಯೇ ಈ 11 ತಿಂಗಳು. ಬಾಡಿಗೆದಾರನು ಮೊಳೆ ಹೊಡೆಯಬಾರದು, ಗೋಡೆ ಕೆಡಿಸಬಾರದು ಎಂಬುದೆಲ್ಲ ಆ ನಮೂನೆಯಲ್ಲಿ ಇರುತ್ತದೆ. ಮಾಳಿಗೆ ಸೋರಿದರೆ ಯಾರು ನೋಡಬೇಕೆಂಬುದು ಇರುವುದಿಲ್ಲ. ಹತ್ತು ಸಾಲಿನ ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಹಿಡಿಯುವ ನಾವು, ನಮ್ಮ ಮನೆಯ ಬಗೆಗಿನ ಏಕೈಕ ಗದ್ಯವನ್ನು ಓದದೆ ಸಹಿ ಮಾಡುತ್ತೇವೆ.

ಆದುದರಿಂದ ಪರಿಹಾರ ಆರಂಭವಾಗುವುದು ಮನೆ ಸೋರಿದ ದಿನವಲ್ಲ, ಕರಾರಿಗೆ ಸಹಿ ಹಾಕುವ ದಿನ. ‘ಮಾಳಿಗೆ, ಗೋಡೆ, ನೀರಿನ ಕೊಳವೆ, ವಿದ್ಯುತ್ ತಂತಿ, ಕಕ್ಕಸಿನ ಗುಂಡಿ ಇವುಗಳ ದೊಡ್ಡ ದುರಸ್ತಿ ಮಾಲೀಕರದು, ತಿಳಿಸಿದ ಇಷ್ಟು ದಿನಗಳಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು’ ಎಂಬ ಒಂದು ವಾಕ್ಯವನ್ನು ಸೇರಿಸಲು ಕೇಳಿರಿ. ಸಜ್ಜನನಾದ ಮಾಲೀಕ ಇದಕ್ಕೆ ಒಲ್ಲೆನೆನ್ನುವುದು ಅಪರೂಪ. ಒಲ್ಲೆನೆಂದರೆ, ಆ ಮಾಳಿಗೆಯ ವಿಷಯ ನಿಮಗೆ ಮೊದಲೇ ತಿಳಿದಂತಾಯಿತು.

ಇನ್ನು ಮನೆ ಸೋರುತ್ತಿದೆ. ಹೇಳಿ ಹೇಳಿ ಸಾಕಾಗಿದೆ. ಏನು ಮಾಡಬೇಕು? ಮೊದಲು ಏನು ಮಾಡಬಾರದೆಂಬುದನ್ನು ಹೇಳುತ್ತೇನೆ. ಬಾಡಿಗೆಯನ್ನು ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದ ದಿನದಿಂದ ಮೊಕದ್ದಮೆಯ ವಿಷಯವೇ ಬದಲಾಗುತ್ತದೆ. ನನಗೆ ತಿಳಿದ ಒಬ್ಬ ಉಪಾಧ್ಯಾಯರು ಕುಸಿದ ಅಡುಗೆಮನೆಯ ಗೋಡೆಗಾಗಿ 7 ತಿಂಗಳು ಬಾಡಿಗೆ ಕೊಡಲಿಲ್ಲ. ನ್ಯಾಯಾಲಯದಲ್ಲಿ ಅವರನ್ನು ಕೇಳಿದ್ದು ಗೋಡೆಯ ವಿಷಯವನ್ನಲ್ಲ: ‘7 ತಿಂಗಳ ಬಾಡಿಗೆ ಕೊಟ್ಟಿದ್ದೀರಾ, ಇಲ್ಲವಾ?’ ಎಂಬುದನ್ನು. ‘ಗೋಡೆ ಬಿದ್ದದ್ದನ್ನು ಮಾಲೀಕರಿಗೆ ಬರೆದು ತಿಳಿಸಿದ್ದೀರಾ?’ ಎಂಬುದು ಎರಡನೆಯ ಪ್ರಶ್ನೆ. ‘ಬಾಯಲ್ಲಿ ಹತ್ತಾರು ಸಲ ಹೇಳಿದೆ ಸ್ವಾಮಿ’ ಎಂದರು. ಮಾಲೀಕರು ‘ಹೇಳಲೇ ಇಲ್ಲ’ ಎಂದರು. ಗೋಡೆ ಬಿದ್ದದ್ದು ಸತ್ಯ. ಕಡತದಲ್ಲಿ ಉಳಿದದ್ದು ಬಾಕಿ ಮಾತ್ರ. ನಾನು ಮೊದಲೇ ಹೇಳಿದ 108ನೆಯ ಕಲಮು ಬಾಡಿಗೆದಾರನಿಗೆ ನಿರಾತಂಕವಾದ ಅನುಭೋಗದ ಭರವಸೆಯನ್ನು ಕೊಡುತ್ತದೆ, ನಿಜ. ಆದರೆ ಬಾಡಿಗೆ ಕೊಡುತ್ತಿರುವವನಿಗೆ, ಕರಾರನ್ನು ಪಾಲಿಸುತ್ತಿರುವವನಿಗೆ. ಬಾಡಿಗೆಯ ರಸೀತಿ ಮಾಲೀಕನಿಗೆ ತೋರಿದ ಸೌಜನ್ಯವಷ್ಟೇ ಅಲ್ಲ, ನಮ್ಮ ಗುರಾಣಿ.

ಮಾಡಬೇಕಾದದ್ದು ಒಂದು ಕಾಗದ ಬರೆಯುವುದು. ಅದಕ್ಕೆ ನೋಟೀಸೆಂಬ ಭಯಂಕರ ಹೆಸರಿದ್ದರೂ ವಕೀಲರೇ ಬರೆಯಬೇಕೆಂದಿಲ್ಲ, ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. ದಿನಾಂಕ, ಮನೆಯ ವಿಳಾಸ, ದೋಷ ಏನು, ಎಂದಿನಿಂದ, ಅದರಿಂದ ಆಗುತ್ತಿರುವ ತೊಂದರೆ ಏನು, ಎಷ್ಟು ದಿನಗಳಲ್ಲಿ ಸರಿಪಡಿಸಬೇಕೆಂದು ಕೋರಿಕೆ, ತಪ್ಪಿದರೆ ತಾವೇ ಮಾಡಿಸಿ ಖರ್ಚನ್ನು ಕಳೆಯುವುದಾಗಿ ತಿಳಿವಳಿಕೆ, ಇಷ್ಟು ಸಾಕು. ವಿಶೇಷಣಗಳು ಬೇಡ. ‘ಅಸಹನೀಯ’, ‘ಅಮಾನುಷ’ ಎಂಬ ಮಾತುಗಳಿಗಿಂತ ‘ಜೂನ್ 12ರಿಂದ ಹಿಂದಿನ ಕೋಣೆಯ ಈಶಾನ್ಯ ಮೂಲೆಯಲ್ಲಿ ನೀರು ಇಳಿಯುತ್ತಿದೆ’ ಎಂಬ ವಾಕ್ಯಕ್ಕೆ ಬಲ ಹೆಚ್ಚು. ತಲುಪಿದ ದಾಖಲೆ ಸಿಗುವ ಅಂಚೆಯಲ್ಲಿ ಕಳುಹಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು. ದೋಷದ ಛಾಯಾಚಿತ್ರ ತೆಗೆದಿಡಬೇಕು. ಗಾರೆಯವರಿಂದಲೋ ಕೊಳವೆ ಕೆಲಸದವರಿಂದಲೋ ಅಂದಾಜು ಪಟ್ಟಿಯನ್ನು ಬರೆಸಿಕೊಳ್ಳಬೇಕು. ಅವಧಿ ಕಳೆದ ಮೇಲೆ ಅಗತ್ಯವಾದ ಕೆಲಸವನ್ನಷ್ಟೇ ಮಾಡಿಸಿ, ರಸೀತಿಗಳೊಡನೆ ಎರಡನೆಯ ಕಾಗದ ಬರೆದು, ಖರ್ಚನ್ನು ಬಾಡಿಗೆಯಲ್ಲಿ ಕಳೆದು, ಉಳಿದ ಬಾಡಿಗೆಯನ್ನು ಅದೇ ದಿನ ಬ್ಯಾಂಕಿನ ಮೂಲಕ ಸಂದಾಯ ಮಾಡಬೇಕು. ಸೋರುವ ಮಾಳಿಗೆಗೆ ಸಿಮೆಂಟು ಹಾಕಿಸಬಹುದು; ಆ ನೆಪದಲ್ಲಿ ನೆಲಕ್ಕೆ ಹೊಳೆಯುವ ಕಲ್ಲು ಹಾಸಿಸಿ ಲೆಕ್ಕ ತೋರಿಸುವಂತಿಲ್ಲ.

ಎಷ್ಟು ಕಳೆಯಬಹುದೆಂದು 1882ರ ಕಾಯಿದೆ ಮಿತಿ ಹೇಳುವುದಿಲ್ಲ. ಬೇರೆಡೆಯ ಶಾಸನಗಳನ್ನು ನೋಡಿದರೆ ಹಿತಮಿತದ ಅಂದಾಜು ಸಿಗುತ್ತದೆ. ದೆಹಲಿಯ 1958ರ ಬಾಡಿಗೆ ನಿಯಂತ್ರಣ ಕಾಯಿದೆ, ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕನ ಕರ್ತವ್ಯವೆಂದು ನೇರವಾಗಿಯೇ ಸಾರುತ್ತದೆ. ಸಾಮಾನ್ಯ ದುರಸ್ತಿಗೆ ವರ್ಷದ ಬಾಡಿಗೆಯ ಹನ್ನೆರಡನೆಯ ಒಂದು ಪಾಲು, ಎಂದರೆ ಒಂದು ತಿಂಗಳ ಬಾಡಿಗೆ, ಕಳೆಯಲು ಅನುಮತಿ. ಅದಿಲ್ಲದೆ ವಾಸವೇ ದುಸ್ತರವೆನಿಸುವ ದುರಸ್ತಿಗೆ, ನಿಯಂತ್ರಣಾಧಿಕಾರಿಯ ಅಪ್ಪಣೆ ಪಡೆದು, ವರ್ಷದ ಬಾಡಿಗೆಯ ಅರ್ಧದವರೆಗೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳವೆ, ವಿದ್ಯುತ್ ತಂತಿ ಮಾಲೀಕನ ಪಾಲಿಗೆ. ನಲ್ಲಿಯ ವಾಷರು, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಮೋರಿಯ ಶುಚಿ ಬಾಡಿಗೆದಾರನ ಪಾಲಿಗೆ ಎಂದು ಪಟ್ಟಿಯನ್ನೇ ಕೊಟ್ಟಿದೆ. ಮಾಲೀಕ ಒಪ್ಪದಿದ್ದರೆ ಬಾಡಿಗೆದಾರ ಮಾಡಿಸಿ, ಯಾವ ತಿಂಗಳಲ್ಲೂ ಬಾಡಿಗೆಯ ಅರ್ಧಕ್ಕೆ ಮೀರದಂತೆ ಕಳೆಯಬಹುದು. ದುರಸ್ತಿಯಿಲ್ಲದೆ ಮನೆ ವಾಸಕ್ಕೆ ಯೋಗ್ಯವಲ್ಲವೆಂದಾದರೆ 15 ದಿನಗಳ ನೋಟೀಸು ಕೊಟ್ಟು ಬಿಟ್ಟುಹೋಗಬಹುದು. ಆದರೆ ಹೆಸರೇ ಹೇಳುವಂತೆ ಇದು ಮಾದರಿ. ರಾಜ್ಯವೊಂದು ತನ್ನ ಶಾಸನಸಭೆಯಲ್ಲಿ ಅಂಗೀಕರಿಸಿದಾಗ ಮಾತ್ರ ಇದಕ್ಕೆ ಜೀವ. ಅಲ್ಲಿಯವರೆಗೆ ಈ ಪಟ್ಟಿಯನ್ನು ನಮ್ಮ ಕರಾರುಪತ್ರಕ್ಕೆ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಕಾಗದ ಬರೆದರೆ ಮಾಲೀಕನಿಗೆ ಕೋಪ ಬಂದು ಮನೆಯಿಂದ ಹೊರಹಾಕಿದರೆ? ಈ ಭಯ ನಿರಾಧಾರವಾದುದಲ್ಲ. ತಿಂಗಳ ಲೆಕ್ಕದ ಬಾಡಿಗೆಯನ್ನು 15 ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದೆಂದು 1882ರ ಕಾಯಿದೆಯೇ ಹೇಳುತ್ತದೆ. ಬಾಡಿಗೆ ಕಾಯಿದೆಯ ಹೊರಗಿರುವವರಿಗೆ ಇದು ನಿಜವಾದ ಅಪಾಯ. ಆದರೆ ನೋಟೀಸು ಬೇರೆ, ಹೊರದೂಡುವುದು ಬೇರೆ. ನ್ಯಾಯಾಲಯದ ಆಜ್ಞೆಯಿಲ್ಲದೆ ಸಾಮಾನು ಬೀದಿಗೆ ಎಸೆಯುವ, ಬೀಗ ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಹೊರದೂಡಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಒಡೆತನ ಯಾರದೆಂಬ ಪ್ರಶ್ನೆಯೇ ಬರುವುದಿಲ್ಲ. ನೀರು, ದೀಪ ಕಡಿದು ಪೀಡಿಸಿದರೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಕೇಳಬಹುದು. ವಿದ್ಯುತ್ತು ಮೂಲಭೂತ ಸೌಕರ್ಯವೆಂದೂ, ಮಾಲೀಕನು ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದೆಂದೂ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದವರಿಗೆ 1987ರ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ವರಮಾನದ ಮಿತಿಯನ್ನು ನೋಡುವುದಿಲ್ಲ.

ಕೆಲವು ದೋಷಗಳು ಮನೆಯ ಹೊಸ್ತಿಲು ದಾಟಿ ಬೀದಿಯ ದೋಷಗಳಾಗುತ್ತವೆ. ಬೀಳುವ ಸ್ಥಿತಿಯ ಗೋಡೆ, ಬೀದಿಗೆ ಹರಿಯುವ ಕಕ್ಕಸಿನ ನೀರು ಇಂಥವು. ಇವುಗಳಿಗೆ ನಗರಸಭೆಗೆ ದೂರು ಕೊಡಬಹುದು. ದಂಡಾಧಿಕಾರಿಯ ಮುಂದೆಯೂ ಹೋಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೆಯದಾಗಿ ಇದೇ ಕೆಲಸಕ್ಕೆ ನಿಂತಿದೆ. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ತಮ್ಮ ಬೀದಿಯ ಮೋರಿಗಾಗಿ ಈ ಕಲಮನ್ನೇ ಹಿಡಿದು ನಡೆಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಪುರಸಭೆಯ ಹಣದ ಕೊರತೆಯ ಸಬೂಬನ್ನು ಒಪ್ಪಲಿಲ್ಲ.

ಮನೆಯನ್ನು ಬೇಕೆಂದೇ ಬೀಳಲು ಬಿಡುವುದೂ ಉಂಟು. ಮನೆ ಬಿದ್ದರೆ ಬಾಡಿಗೆದಾರ ತಾನೇ ಹೋಗುತ್ತಾನೆ, ನಿವೇಶನಕ್ಕೆ ಬೆಲೆ ಬರುತ್ತದೆ ಎಂಬುದು ಲೆಕ್ಕ. ಈ ಲೆಕ್ಕಕ್ಕೆ 2014ರಲ್ಲಿ ಪೆಟ್ಟು ಬಿತ್ತು. ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆಯ ಹಕ್ಕು ಅಳಿಯುವುದಿಲ್ಲ, ಅದರ ಕೆಳಗಿನ ನೆಲದಲ್ಲಿ ಅದು ಉಳಿದಿರುತ್ತದೆಂದು ತೀರ್ಪಿತ್ತಿತು. ಬಾಡಿಗೆಯೆಂದರೆ ಭೂಮಿಯದೆಂಬ ಆ ಹಳೆಯ ಕಲ್ಪನೆ ಇಲ್ಲಿ ಬಾಡಿಗೆದಾರನ ನೆರವಿಗೇ ಬಂದದ್ದು ಕುತೂಹಲದ ಸಂಗತಿ.

ಮಾಲೀಕರ ಪಕ್ಷದ ಒಂದು ಮಾತನ್ನು ಹೇಳದೆ ಮುಗಿಸಿದರೆ ಅನ್ಯಾಯವಾದೀತು. ಎಲ್ಲ ಮಾಲೀಕರೂ ಸಿರಿವಂತರಲ್ಲ. ಗಂಡನ ನಿವೃತ್ತಿಯ ಹಣದಿಂದ ಕಟ್ಟಿಸಿದ ಮನೆಯ ಒಂದು ಭಾಗದ ಬಾಡಿಗೆಯಲ್ಲೇ ಬದುಕುವ ವೃದ್ಧೆಯರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಮುಂಬಯಿಯಲ್ಲಿ 1947ರ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟದಲ್ಲಿ ಹೆಪ್ಪುಗಟ್ಟಿಸಿತು. ಬಾಡಿಗೆ ಒಂದು ಬಕೆಟ್ಟು ಸುಣ್ಣಕ್ಕೂ ಸಾಲದಾದಾಗ ಚಾಳುಗಳು ಶಿಥಿಲವಾದವು. 1969ರಲ್ಲಿ ಸರ್ಕಾರವೇ ಕರ ವಿಧಿಸಿ ದುರಸ್ತಿ ಮಂಡಲಿಯನ್ನು ಸ್ಥಾಪಿಸಬೇಕಾಯಿತು. ಆ ಹೆಪ್ಪು ನ್ಯಾಯಸಮ್ಮತವಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು. ನ್ಯಾಯವಾದ ಬಾಡಿಗೆ ಇಲ್ಲದೆ ಒಳ್ಳೆಯ ಮನೆಯನ್ನು ಕೇಳುವುದು ಎಷ್ಟು ಅಸಂಗತವೋ, ಒಳ್ಳೆಯ ಮನೆ ಕೊಡದೆ ಪೂರ್ತಿ ಬಾಡಿಗೆ ಕೇಳುವುದೂ ಅಷ್ಟೇ ಅಸಂಗತ. ಬರೆದ ಕರಾರು ಮತ್ತು ಬರೆದ ಕಾಗದ ಇಬ್ಬರನ್ನೂ ಕಾಯುತ್ತವೆ. ಯಾವ ಮೂಲೆ ಎಂದು ಸೋರತೊಡಗಿತೆಂದು ತಿಳಿದ ಮಾಲೀಕನು ಒಂದು ಮೂಟೆ ಸಿಮೆಂಟಿನಲ್ಲಿ ಮುಗಿಸಬಹುದಾದದ್ದು, ತಿಳಿಯದವನ ಪಾಲಿಗೆ ಇಡೀ ಮಾಳಿಗೆಯ ಖರ್ಚಾಗುತ್ತದೆ.

ನಮ್ಮ ಜನಕ್ಕೆ ಮಾಲೀಕನಿಗೆ ಕಾಗದ ಬರೆಯುವುದೆಂದರೆ ಜಗಳ ತೆಗೆದಂತೆ ಎಂಬ ಭಾವನೆಯಿದೆ. ನನ್ನ ಅನುಭವದಲ್ಲಿ ಜಗಳಗಳು ಹುಟ್ಟಿದ್ದು ಬರೆಯದೆ ಉಳಿದ ಕಾಗದಗಳಿಂದ. ಮನಸ್ಸಿನಲ್ಲಿ ಕೂಡಿಟ್ಟ ಅಸಮಾಧಾನ ಒಂದು ದಿನ ಬಾಡಿಗೆಯ ಬಾಕಿಯಾಗಿಯೋ ಕೈಕೈ ಮಿಲಾಯಿಸುವ ರಂಪವಾಗಿಯೋ ಹೊರಬೀಳುತ್ತದೆ. ಅದಕ್ಕೆ ಬದಲು ಈ ವರ್ಷ ಮೊದಲ ಮಳೆ ಬಿದ್ದ ಮರುದಿನ, ಕಾಫಿಯಾದ ಮೇಲೆ, ಒಂದು ಹಾಳೆ ತೆಗೆದುಕೊಂಡು ಕೂರಿರಿ. ‘ಮಾನ್ಯರೇ’ ಎಂದು ಆರಂಭಿಸಿ, ಕಂಡದ್ದನ್ನು ಕಂಡಂತೆ ಬರೆಯಿರಿ. ನೀವು ಆ ಮನೆಯನ್ನು ಬಿಟ್ಟು ಹೋದ ಮೇಲೆ ಅಲ್ಲಿಗೆ ತೊಟ್ಟಿಲು ತರುವ ಸಂಸಾರಕ್ಕೂ ಆ ಹಾಳೆಯಿಂದ ಉಪಕಾರವಾಗುತ್ತದೆ.